ಹ್ಯಾಮ್‌ಸ್ಟರಿಗೆ ನೀರಿನ ಸ್ನಾನ ಬೇಡ

ಮಕ್ಕಳ ಹಟಕ್ಕೆ ಮಣಿದು ಹ್ಯಾಮ್‌ಸ್ಟರ್ ತಂದವರು ಮೊದಲು ಮಾಡುವ ತಪ್ಪು, ಅದನ್ನು ಬಚ್ಚಲಿಗೆ ಒಯ್ಯುವುದು. ಬಿಸಿನೀರು, ಸೋಪು, ಟವೆಲು ಎಲ್ಲವೂ ಪ್ರೀತಿಯಿಂದಲೇ. ಆದರೆ ಈ ಸ್ನಾನ ಅದರ ಪ್ರಾಣಕ್ಕೇ ಕುತ್ತು ತರಬಹುದು.

ಹ್ಯಾಮ್‌ಸ್ಟರ್ ಒಣನಾಡಿನ ಜೀವಿ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೊ ಬಳಿಯ ಹೊಲದಲ್ಲಿ ನೆಲ ಅಗೆಸಿ ಒಂದು ತಾಯಿ, 11 ಮರಿಗಳನ್ನು ಹೊರತೆಗೆದರು. ಇಂದು ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರುಗಳಲ್ಲಿ ಹೆಚ್ಚಿನವು ಆ ಸಂಸಾರದ ಸಂತತಿ. ಅದು ಬೆಕ್ಕಿನಂತೆ ನೆಕ್ಕಿ ತನ್ನ ಮೈ ತಾನೇ ಶುಚಿ ಮಾಡಿಕೊಳ್ಳುತ್ತದೆ. ನೀರು ಬಿದ್ದರೆ ತುಪ್ಪಳದ ಎಣ್ಣೆ ತೊಳೆದುಹೋಗಿ ಚಳಿ ಹಿಡಿಯುತ್ತದೆ.

ಅಂಥ ಪ್ರಾಣಿ ನಾವುಂದದಂಥ ಊರಿಗೆ ಬಂದರೆ? ಪಡುವಣಕ್ಕೆ ಅರಬ್ಬಿ ಸಮುದ್ರ, ನೆರೆಯ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗದು. ಗೂಡಿನ ಹಾಸು ಒಣಗೀತೇ?

ಸ್ನಾನಕ್ಕೆ ಮರಳೇ ಸಾಕು. ಅಗಲ ಬಟ್ಟಲಿನಲ್ಲಿ ಎರಡು ಬೆರಳು ಎತ್ತರ ಹಾಕಿದರೆ ಅದು ತಾನೇ ಹೊರಳಾಡುತ್ತದೆ. ಆದರೆ ಮನೆಯೆದುರಿನ ಕಡಲ ಮರಳು ಬೇಡ. ಅದರ ಉಪ್ಪು ತೇವ ಹೀರುತ್ತದೆ, ಚಿಪ್ಪಿನ ಚೂರು ಚುಚ್ಚುತ್ತದೆ. ಸಿಹಿನೀರಿನ ನಯವಾದ ಮರಳನ್ನು ತೊಳೆದು, ಜರಡಿ ಹಿಡಿದು, ಕಾವಲಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಬಳಸಿ. ಟಾಲ್ಕಂ ಪೌಡರ್ ಕೂಡದು; ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಉದ್ದ ಕೂದಲಿನ ಜಾತಿಯಾದರೆ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಸಿಕ್ಕು ಬಿಡಿಸಿ.

ಹಾಸಿಗೆ ಮರದ ಮಿಲ್ಲಿನ ಹೊಟ್ಟಿಗಿಂತ ಅಚ್ಚಿಲ್ಲದ ಬಿಳಿ ಕಾಗದದ ಚೂರು ಲೇಸು. ಮೂತ್ರದ ಮೂಲೆಯನ್ನೂ ಅದು ಬಚ್ಚಿಟ್ಟ ಹಸಿ ತರಕಾರಿಯನ್ನೂ ದಿನವೂ ತೆಗೆಯಬೇಕು; ಇಲ್ಲವಾದರೆ ಬೂಷ್ಟು, ಇರುವೆ ಎರಡೂ ಖಚಿತ. ಹಾಸು ಬದಲಿಸುವಾಗ ಒಣಗಿದ ಹಳೆಯದನ್ನು ಒಂದು ಹಿಡಿ ಉಳಿಸಿ. ತನ್ನ ವಾಸನೆಯಿಲ್ಲದ ಗೂಡಿನಲ್ಲಿ ಅದು ಗಾಬರಿಗೊಳ್ಳುತ್ತದೆ. ಫಿನಾಯಿಲ್ ಹತ್ತಿರವೂ ತರಬೇಡಿ.

ಹಲ್ಲು ಜೀವಮಾನವಿಡೀ ಬೆಳೆಯುವುದರಿಂದ, ಕಡಿಯಲು ಮದ್ದು ಹೊಡೆಯದ ಪೇರಳೆ ಮರದ ಒಣಕಡ್ಡಿ ಇಡಿ. ಉಗುರು ಸವೆಯಲು ಒಂದು ಚಪ್ಪಟೆ ಕಲ್ಲು ಸಾಕು. ಸುರುಳಿಯಾಗಿ ಬೆಳೆದ ಉಗುರನ್ನು ಪಶುವೈದ್ಯರೇ ಕತ್ತರಿಸಲಿ.

ಒಂದು ಗುರುತು ಮಾತ್ರ ಮರೆಯಬಾರದು. ಬಾಲದ ಬುಡ ಒದ್ದೆಯಾಗಿ, ವಾಸನೆ ಬಂದು, ಪ್ರಾಣಿ ಮಂಕಾಗಿ ಕೂತರೆ ಅದು ಕೊಳೆಯಲ್ಲ, ಭೇದಿ. ತೊಳೆಯಲು ಹೋಗದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಮರಿಗಳಲ್ಲಿ ಈ ರೋಗ ಎರಡು ದಿನವೂ ಕಾಯದು. ಮುಟ್ಟಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಲಿ. ಸೋಪು ಬೇಕಾದದ್ದು ಅಲ್ಲಿಯೇ.