ಬ್ರಿಕ್ ಲೇನ್

ಬ್ರಿಕ್ ಲೇನ್ ಎಂಬುದು ಲಂಡನ್ ನಗರದ ಪೂರ್ವಭಾಗದಲ್ಲಿ, ಟವರ್ ಹ್ಯಾಮ್ಲೆಟ್ಸ್ ಆಡಳಿತ ವಿಭಾಗದಲ್ಲಿರುವ ಒಂದು ಬೀದಿ. ದಕ್ಷಿಣದ ವೈಟ್‌ಚಾಪೆಲ್‌ನಿಂದ ಸ್ಪಿಟಲ್‌ಫೀಲ್ಡ್ಸ್ ಮೂಲಕ ಉತ್ತರದ ಬೆತ್ನಲ್ ಗ್ರೀನ್ ಕಡೆಗೆ ಸಾಗುವ ಈ ಬೀದಿಯೂ ಅದರ ಅಕ್ಕಪಕ್ಕದ ಓಣಿಗಳೂ ಮೂರು ಶತಮಾನಗಳಿಗೂ ಹೆಚ್ಚು ಕಾಲದಿಂದ ವಲಸಿಗರ ನೆಲೆಯಾಗಿವೆ. ಫ್ರಾನ್ಸಿನ ಪ್ರಾಟೆಸ್ಟಂಟ್ ನೇಕಾರರು, ಐರ್ಲೆಂಡಿನ ಕೂಲಿಕಾರರು, ಪೂರ್ವ ಯೂರೋಪಿನ ಯಹೂದಿಗಳು ಹಾಗೂ ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಸಿಲ್ಹೆಟ್ ಪ್ರಾಂತದ ಬಂಗಾಳಿಗಳು ಬೇರೆ ಬೇರೆ ಕಾಲಗಳಲ್ಲಿ ಇಲ್ಲಿ ಬಂದು ನೆಲೆಸಿದರು. ಬಂಗಾಳಿಗಳ ಹೆಸರು ಇಲ್ಲಿನ ಚುನಾವಣಾ ವಾರ್ಡಿನ ಹೆಸರಿನಲ್ಲಿಯೇ ಸೇರಿಕೊಂಡಿದೆ. ಆದರೆ ಆ ಮನ್ನಣೆ ದೊರೆತ ಕಾಲದಲ್ಲಿಯೇ ಅವರಿಗೆ ಇಲ್ಲಿ ಉಳಿಯುವುದು ದುಬಾರಿಯಾಗತೊಡಗಿತ್ತು.

ಹೆಸರು ಮತ್ತು ಹಿನ್ನೆಲೆ

ಹದಿನೈದನೆಯ ಶತಮಾನದಿಂದ ಇಲ್ಲಿನ ಮಣ್ಣಿನಿಂದ ಇಟ್ಟಿಗೆ ಮತ್ತು ಹೆಂಚುಗಳನ್ನು ತಯಾರಿಸುತ್ತಿದ್ದುದರಿಂದ ಬೀದಿಗೆ ಈ ಹೆಸರು ಬಂದಿತು. ಸ್ಪಿಟಲ್‌ಫೀಲ್ಡ್ಸ್ ಎಂಬ ಹೆಸರಿನ ಮೂಲ 1197ರಲ್ಲಿ ಸ್ಥಾಪನೆಯಾದ ಸೇಂಟ್ ಮೇರಿ ಮಠದ ಆಸ್ಪತ್ರೆಯಲ್ಲಿದೆ. ಈ ಪ್ರದೇಶವು ಲಂಡನ್ನಿನ ಹಳೆಯ ಕೋಟೆಗೋಡೆಯ ಹೊರಗಿತ್ತು. ನಗರದೊಳಗೆ ಕಸುಬು ನಡೆಸಲು ಆಯಾ ಕುಶಲಕರ್ಮಿಗಳ ಸಂಘದ ಅನುಮತಿ ಬೇಕಾಗುತ್ತಿತ್ತು. ಗೋಡೆಯಾಚೆ ಆ ಸಂಘಗಳ ಹಿಡಿತ ಸಡಿಲವಾಗಿತ್ತು. ಬಾಡಿಗೆ ಕಡಿಮೆ, ಮಾರುಕಟ್ಟೆ ಹತ್ತಿರ. ಪರಸ್ಥಳದವರು ಮತ್ತೆ ಮತ್ತೆ ಇಲ್ಲಿಯೇ ಬಂದಿಳಿದುದಕ್ಕೆ ಮುಖ್ಯ ಕಾರಣ ಇದು.

ರೇಷ್ಮೆ ನೇಕಾರರು

1685ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯವನ್ನು ರದ್ದುಪಡಿಸಿದಾಗ ಹ್ಯೂಗೆನಾಟರು ದೊಡ್ಡ ಸಂಖ್ಯೆಯಲ್ಲಿ ಇಂಗ್ಲೆಂಡಿಗೆ ವಲಸೆ ಬಂದರು. ಇಂಗ್ಲಿಷಿನ 'ರೆಫ್ಯೂಜಿ' ಎಂಬ ಪದ ಬಳಕೆಗೆ ಬಂದುದು ಇವರಿಂದಲೇ. ಅವರಲ್ಲಿದ್ದ ರೇಷ್ಮೆ ನೇಕಾರರು ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮಗ್ಗಗಳನ್ನು ಹೂಡಿದರು. ಫೂರ್ನಿಯೆ ಬೀದಿ ಮತ್ತು ಪ್ರಿನ್ಸ್‌ಲೆಟ್ ಬೀದಿಗಳ ಹಳೆಯ ಮನೆಗಳ ಅಟ್ಟದಲ್ಲಿ ಕಾಣುವ ಅಗಲವಾದ ಕಿಟಕಿಗಳು ಮಗ್ಗಕ್ಕೆ ಹಗಲಿನ ಬೆಳಕು ಬೀಳಲೆಂದು ಇಟ್ಟವು.

ಈ ನೇಕಾರರ ಕಥೆಗೆ ಭಾರತದ ನಂಟೂ ಇದೆ. ಈಸ್ಟ್ ಇಂಡಿಯಾ ಕಂಪನಿಯು ತರುತ್ತಿದ್ದ ಅಗ್ಗದ ಅಚ್ಚಿನ ಹತ್ತಿಬಟ್ಟೆ (ಕಲ್ಲಿಕೋಟೆಯ ಹೆಸರಿನಿಂದ ಅದಕ್ಕೆ 'ಕ್ಯಾಲಿಕೊ' ಎಂಬ ಹೆಸರು ಬಂದಿತ್ತು) ತಮ್ಮ ಅನ್ನ ಕಸಿಯುತ್ತಿದೆಯೆಂದು 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ನೇಕಾರರು ದಂಗೆಯೆದ್ದು, ಅದನ್ನು ಉಟ್ಟ ಹೆಂಗಸರ ಮೇಲೂ ಕೈಮಾಡಿದರು. 1721ರ ಕಾಯ್ದೆಯು ಅಂಥ ಬಟ್ಟೆಯ ಬಳಕೆಯನ್ನು ನಿಷೇಧಿಸಿತು. ನಿಷೇಧವು ರೇಷ್ಮೆಯ ಕಸುಬನ್ನು ಬಹುಕಾಲ ಕಾಯಲಿಲ್ಲ. ಕೂಲಿಯ ದರವನ್ನು ನಿಗದಿಪಡಿಸುತ್ತಿದ್ದ 1773ರ ಕಾಯ್ದೆ 1824ರಲ್ಲಿ ರದ್ದಾಯಿತು; 1860ರ ಒಪ್ಪಂದದಂತೆ ಫ್ರಾನ್ಸಿನ ರೇಷ್ಮೆ ಸುಂಕವಿಲ್ಲದೆ ಬರತೊಡಗಿದ ಮೇಲೆ ಮಗ್ಗಗಳು ನಿಂತುಹೋದವು. ಸ್ಥಿತಿವಂತ ಹ್ಯೂಗೆನಾಟ್ ಕುಟುಂಬಗಳು ಅದಕ್ಕೂ ಮೊದಲೇ ಬೇರೆಡೆಗೆ ಹೋಗಿದ್ದವು. ಅವರ ದೊಡ್ಡ ಮನೆಗಳು ಕೋಣೆಗೊಂದು ಸಂಸಾರವಿರುವ ವಠಾರಗಳಾದವು. ಇದೇ ಅವಧಿಯಲ್ಲಿ ಐರಿಷರೂ ಇಲ್ಲಿ ನೆಲೆಸಿದ್ದರು.

ಯಹೂದಿಗಳ ಕಾಲ

1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಗ್ಸಾಂಡರ್‌ನ ಹತ್ಯೆಯ ನಂತರ ಅಲ್ಲಿನ ಯಹೂದಿಗಳ ಮೇಲೆ ಹಿಂಸಾಚಾರಗಳು ನಡೆದವು. ಅಲ್ಲಿಂದ 1914ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳು ಬ್ರಿಟನ್ನಿಗೆ ಬಂದರು. ಅವರಲ್ಲಿ ಬಹುಪಾಲು ಜನ ಈಸ್ಟ್ ಎಂಡ್‌ನಲ್ಲಿ ತಂಗಿದರು. ನೇಕಾರರ ಜಾಗವನ್ನು ದರ್ಜಿಗಳು ತುಂಬಿದರು. ಇಕ್ಕಟ್ಟಾದ ಕೋಣೆಗಳಲ್ಲಿ ದಿನವಿಡೀ ಸಿದ್ಧ ಉಡುಪು ಹೊಲಿಯುವ ಕೆಲಸ ನಡೆಯುತ್ತಿತ್ತು. ಶನಿವಾರ ತಮ್ಮ ಧರ್ಮದ ವಿಶ್ರಾಂತಿಯ ದಿನವಾದುದರಿಂದ ಯಹೂದಿ ವ್ಯಾಪಾರಿಗಳು ಭಾನುವಾರ ಅಂಗಡಿ ತೆರೆಯುತ್ತಿದ್ದರು; ಬ್ರಿಕ್ ಲೇನಿನ ಭಾನುವಾರದ ಸಂತೆ ಬೆಳೆದದ್ದು ಹೀಗೆ.

ಇವರ ಆಗಮನಕ್ಕೆ ವಿರೋಧವೂ ತೀವ್ರವಾಗಿತ್ತು. 1905ರ ಅನ್ಯದೇಶೀಯರ ಕಾಯ್ದೆ ಆ ಒತ್ತಡದ ಫಲ. 1936ರ ಅಕ್ಟೋಬರ್ 4ರಂದು ಓಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟ್ ಪಡೆಯು ಈಸ್ಟ್ ಎಂಡ್ ಮೂಲಕ ಮೆರವಣಿಗೆ ಹೊರಟಾಗ ಯಹೂದಿಗಳು, ಐರಿಷ್ ಬಂದರು ಕಾರ್ಮಿಕರು ಮತ್ತು ಎಡಪಂಥೀಯರು ಕೇಬಲ್ ಬೀದಿಯಲ್ಲಿ ಅಡ್ಡಗಟ್ಟಿ ದಾರಿ ತಡೆದರು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅನೇಕ ಮನೆಗಳು ನೆಲಸಮವಾದವು. ಯುದ್ಧಾನಂತರ ಹೆಚ್ಚಿನ ಯಹೂದಿಗಳು ಉತ್ತರ ಲಂಡನ್ನಿನ ಬಡಾವಣೆಗಳಿಗೆ ತೆರಳಿದರು. ಉಂಗುರದಾಕಾರದ 'ಬೇಗಲ್' ರೊಟ್ಟಿಯ ಅಂಗಡಿಗಳು ಬೀದಿಯ ಉತ್ತರ ತುದಿಯಲ್ಲಿ ಉಳಿದುಕೊಂಡಿವೆ.

ಒಂದು ಕಟ್ಟಡದ ಕಥೆ

ಬ್ರಿಕ್ ಲೇನ್ ಮತ್ತು ಫೂರ್ನಿಯೆ ಬೀದಿ ಸೇರುವ ಮೂಲೆಯಲ್ಲಿರುವ ಇಟ್ಟಿಗೆಯ ಕಟ್ಟಡವನ್ನು ಹ್ಯೂಗೆನಾಟರು 1743ರಲ್ಲಿ ಪ್ರಾರ್ಥನಾಮಂದಿರವಾಗಿ ಕಟ್ಟಿಸಿದರು; ಆ ವರ್ಷವನ್ನು ಕೆತ್ತಿದ ನೆರಳುಗಡಿಯಾರ ಅದರ ಗೋಡೆಯ ಮೇಲಿದೆ. 1809ರಲ್ಲಿ ಯಹೂದಿಗಳನ್ನು ಕ್ರೈಸ್ತಧರ್ಮಕ್ಕೆ ಸೇರಿಸಲು ಹೊರಟ ಸಂಸ್ಥೆಯೊಂದು ಅದನ್ನು ಪಡೆಯಿತು. 1819ರಲ್ಲಿ ಅದು ಮೆಥಡಿಸ್ಟರ ಕೈಸೇರಿತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿಯಾಯಿತು. ಇಂದು ಅದು ಬ್ರಿಕ್ ಲೇನ್ ಜಾಮೆ ಮಸೀದಿ. ವಲಸಿಗರ ಹೊಂದಾಣಿಕೆಗೆ ನಿದರ್ಶನವಾಗಿ ಈ ಕಟ್ಟಡವನ್ನು ಉದಾಹರಿಸುವುದು ವಾಡಿಕೆ. ಆದರೆ ಪ್ರತಿ ಹಸ್ತಾಂತರದ ಹಿಂದೆಯೂ ಒಂದು ಸಮುದಾಯ ಅಲ್ಲಿಂದ ತೆರಳಿದ್ದಿತೆಂಬುದನ್ನು ಮರೆಯುವಂತಿಲ್ಲ.

ಬಂಗಾಳಿಗಳು

ಸಿಲ್ಹೆಟ್‌ನವರು ಮೊದಲು ಬಂದದ್ದು ಬ್ರಿಟಿಷ್ ಹಡಗುಗಳ 'ಲಸ್ಕರ'ರಾಗಿ, ಅಂದರೆ ನಾವಿಕ ಕೂಲಿಗಳಾಗಿ. ಹಡಗು ಬಿಟ್ಟು ಲಂಡನ್ನಿನ ಬಂದರು ಪ್ರದೇಶದಲ್ಲಿ ಉಳಿದ ಕೆಲವರ ಆಸರೆಯಿಂದ 1950 ಮತ್ತು 60ರ ದಶಕಗಳಲ್ಲಿ ಅವರ ಊರಿನ ಗಂಡಸರು ಹೆಚ್ಚಾಗಿ ಬಂದರು. ಹೆಂಡತಿ ಮಕ್ಕಳು ಅನಂತರ ಬಂದರು. ಕೆಲಸ ಸಿಕ್ಕಿದ್ದು ಅದೇ ಉಡುಪಿನ ಕಾರ್ಖಾನೆಗಳಲ್ಲಿ. ಸರಕಾರಿ ಮನೆಗಳ ಹಂಚಿಕೆಯಲ್ಲಿ ಹಿಂದೆ ಬಿದ್ದ ಅನೇಕ ಕುಟುಂಬಗಳು 1970ರ ದಶಕದಲ್ಲಿ ಪಾಳುಬಿದ್ದ ಮನೆಗಳನ್ನು ಹೊಕ್ಕು ವಾಸಿಸತೊಡಗಿದವು.

1978ರ ಮೇ 4ರ ಸಂಜೆ ಅಲ್ತಾಬ್ ಅಲಿ ಎಂಬ ಯುವ ಉಡುಪು ಕಾರ್ಮಿಕನು ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ವೈಟ್‌ಚಾಪೆಲ್‌ನಲ್ಲಿ ಜನಾಂಗದ್ವೇಷಕ್ಕೆ ಬಲಿಯಾದನು. ಹತ್ತು ದಿನಗಳ ನಂತರ ಸುಮಾರು 7,000 ಜನರು ಆತನ ಶವಪೆಟ್ಟಿಗೆಯ ಹಿಂದೆ ಮಧ್ಯ ಲಂಡನ್ನಿಗೆ ನಡೆದು ಪ್ರಧಾನಿಯ ನಿವಾಸದವರೆಗೆ ತಮ್ಮ ಅಹವಾಲು ಒಯ್ದರು. ಹಿಂದಿನ ತಲೆಮಾರು ಹಲ್ಲೆಗಳನ್ನು ಸಹಿಸಿ ಸುಮ್ಮನಿದ್ದರೆ, ಅಂದಿನ ಯುವಕರು ಸಂಘಟಿತರಾಗಿ ಬ್ರಿಕ್ ಲೇನಿನಲ್ಲಿ ಪತ್ರಿಕೆ ಮಾರುತ್ತಿದ್ದ ನ್ಯಾಷನಲ್ ಫ್ರಂಟ್ ಪಕ್ಷದವರನ್ನು ಎದುರಿಸಿದರು. ಕೊಲೆಯಾದ ಸ್ಥಳದ ಬಳಿಯ ಉದ್ಯಾನಕ್ಕೆ 1998ರಲ್ಲಿ ಅಲ್ತಾಬ್ ಅಲಿಯ ಹೆಸರಿಡಲಾಯಿತು. ಢಾಕಾದ ಭಾಷಾ ಹುತಾತ್ಮರ ಸ್ಮಾರಕವಾದ ಶಹೀದ್ ಮಿನಾರದ ಕಿರಿಯ ಪ್ರತಿರೂಪವೂ ಅಲ್ಲಿದೆ. 1999ರ ಏಪ್ರಿಲ್ 24ರಂದು ಬ್ರಿಕ್ ಲೇನಿನಲ್ಲಿ ನವನಾಜಿಯೊಬ್ಬನು ಇಟ್ಟ ಬಾಂಬ್ ಸ್ಫೋಟಿಸಿ 13 ಜನರು ಗಾಯಗೊಂಡರು. ಭಾನುವಾರದ ಸಂತೆಯನ್ನು ಗುರಿಯಾಗಿಸಿಕೊಂಡಿದ್ದ ಆತ ದಿನ ತಪ್ಪಿ ಶನಿವಾರ ಬಂದುದರಿಂದ ದೊಡ್ಡ ಅನಾಹುತ ತಪ್ಪಿತು.

'ಬಾಂಗ್ಲಾಟೌನ್' ಮತ್ತು ಅನಂತರ

ಉಡುಪಿನ ಕಾರ್ಖಾನೆಗಳು ಮುಚ್ಚತೊಡಗಿದಂತೆ ಹೋಟೆಲುಗಳು ಹೆಚ್ಚಿದವು. ಫಲಕದ ಮೇಲೆ 'ಇಂಡಿಯನ್' ಎಂದು ಬರೆಸಿದ ಇವುಗಳ ಒಡೆಯರು ಮತ್ತು ಅಡುಗೆಯವರು ಬಹುತೇಕ ಬಂಗಾಳಿಗಳೇ. 1997ರಲ್ಲಿ ಬೀದಿಗೆ ಅಲಂಕಾರಿಕ ಕಮಾನು ನಿಂತಿತು. 2001ರಲ್ಲಿ ವಾರ್ಡಿಗೆ 'ಸ್ಪಿಟಲ್‌ಫೀಲ್ಡ್ಸ್ ಮತ್ತು ಬಾಂಗ್ಲಾಟೌನ್' ಎಂಬ ಹೆಸರು ಬಂದಿತು. ಬೀದಿಯ ನಾಮಫಲಕಗಳಲ್ಲಿ ಬಂಗಾಳಿ ಲಿಪಿಯೂ ಇದೆ.

ಅಷ್ಟರಲ್ಲಿ ಲಂಡನ್ನಿನ ಹಣಕಾಸು ಕೇಂದ್ರವು ಪೂರ್ವಕ್ಕೆ ಹಬ್ಬುತ್ತಿತ್ತು. 1980ರ ದಶಕದ ಕೊನೆಗೆ ಮುಚ್ಚಿದ ಟ್ರೂಮನ್ ಬಿಯರ್ ಕಾರ್ಖಾನೆಯ ಆವರಣವು ಕಲಾವಿದರ ಕೋಣೆಗಳು, ಹಳೆಬಟ್ಟೆಯ ಮಳಿಗೆಗಳು ಮತ್ತು ಮದ್ಯದಂಗಡಿಗಳಿಂದ ತುಂಬಿತು. ನೇಕಾರರ ಹಳೆಯ ಮನೆಗಳು ಶ್ರೀಮಂತರ ಆಸ್ತಿಯಾದವು. 2000ದ ದಶಕದ ಮಧ್ಯಭಾಗದಲ್ಲಿ ಸುಮಾರು 60 ಇದ್ದ ಬಂಗಾಳಿ ಹೋಟೆಲುಗಳ ಸಂಖ್ಯೆ 2020ರ ವೇಳೆಗೆ 23ಕ್ಕೆ ಇಳಿಯಿತು. ಏರಿದ ಬಾಡಿಗೆ, ಅಡುಗೆಯವರನ್ನು ಕರೆತರಲು ಅಡ್ಡಿಯಾದ ವೀಸಾ ನಿಯಮಗಳು ಮತ್ತು ಓದಿದ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದದ್ದು ಇದಕ್ಕೆ ಕಾರಣಗಳು. ಕೊನೆಯ ಕಾರಣವನ್ನು ನಷ್ಟವೆಂದು ಎಣಿಸುವುದು ಸರಿಯಲ್ಲ. ದರ್ಜಿಗಳ ಮಕ್ಕಳೂ ಹಿಂದೆ ಹೀಗೆಯೇ ಓದಿ ಬೀದಿ ಬಿಟ್ಟಿದ್ದರು.

2021ರ ಜನಗಣತಿಯಂತೆ ಟವರ್ ಹ್ಯಾಮ್ಲೆಟ್ಸ್‌ನ ಜನಸಂಖ್ಯೆಯಲ್ಲಿ ಬಾಂಗ್ಲಾದೇಶ ಮೂಲದವರು ಶೇ. 34ಕ್ಕೂ ಹೆಚ್ಚು. ಅದೇ ವರ್ಷ ಟ್ರೂಮನ್ ಆವರಣದಲ್ಲಿ ವ್ಯಾಪಾರ ಸಂಕೀರ್ಣ ಮತ್ತು ಕಚೇರಿಗಳನ್ನು ಕಟ್ಟುವ ಯೋಜನೆಗೆ 7,000ಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದರೂ ಸ್ಥಳೀಯ ಆಡಳಿತದ ಸಮಿತಿಯು ಒಪ್ಪಿಗೆ ನೀಡಿತು. 2022ರ ಮಾರ್ಚ್‌ನಲ್ಲಿ ವೈಟ್‌ಚಾಪೆಲ್ ರೈಲು ನಿಲ್ದಾಣದ ಹೆಸರನ್ನು ಬಂಗಾಳಿಯಲ್ಲಿಯೂ ಬರೆಯಲಾಯಿತು.