ಬಾಡಿಗೆ ಕೋಣೆಯಲ್ಲಿ ಮೀನುಗಳ ಸಂಸಾರ

ದಿನವಿಡೀ ಹೋಟೆಲಿನ ಒಲೆಯ ಬಳಿಯೋ ಕಚೇರಿಯ ಕಡತಗಳ ನಡುವೆಯೋ ದುಡಿದು ಬರುವವನ ಮನಸ್ಸಿಗೆ ವಿಶ್ರಾಂತಿ ನೀಡುವ ಹವ್ಯಾಸವೊಂದು ಅವಶ್ಯಕ. ಪ್ಯಾರೀಸ್ ಕಾರ್ನರಿನ ಸುತ್ತಣ ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿಗಳ ಮಹಡಿಯ ಕೋಣೆಗಳಲ್ಲಿ ತೋಟ ಮಾಡುವುದು ಅಸಾಧ್ಯವಾದರೂ ಎರಡಡಿ ಉದ್ದದ ಗಾಜಿನ ತೊಟ್ಟಿಗೆ ಸ್ಥಳ ದೊರೆಯದೆ ಇರದು. ಬಣ್ಣದ ಮೀನುಗಳ ಸಾಕಣೆಗೆ ಹೆಸರಾದ ಕೊಳತ್ತೂರು ಇದೇ ನಗರದಲ್ಲಿದೆ.

ಬಣ್ಣದ ಮೀನನ್ನು ನೋಡುವುದು ಬೇರೆ, ಅದರ ಸಂಸಾರವನ್ನು ನೋಡುವುದು ಬೇರೆ. ಸಿಕ್ಲಿಡ್ ಕುಲದ ಮೀನುಗಳು ಮೊಟ್ಟೆಯಿಟ್ಟು ಮರೆತುಬಿಡುವಂಥವಲ್ಲ. ಮರಿಗಳನ್ನು ಕಾದು ಬೆಳೆಸುತ್ತವೆ. ಇವುಗಳಲ್ಲಿ ಬೆರಳುದ್ದವನ್ನು ಮೀರದ ಕಿರು ಜಾತಿಗಳೇ ಸಣ್ಣ ಕೋಣೆಗೆ ತಕ್ಕವು. ದಕ್ಷಿಣ ಅಮೆರಿಕದ ಎಪಿಸ್ಟೋಗ್ರಾಮ ಈ ಬಗೆಯದು.

ತೊಟ್ಟಿಯು 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರವಿದ್ದರೆ 54 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು ಸೇರಿ ಭಾರವು 60 ಕಿಲೋ ದಾಟುವುದರಿಂದ ಗೋಡೆಯ ಹಲಗೆಯ ಮೇಲೆ ಇಡಬಾರದು. ಬಿಸಿಲೂ ಅಡಿಗೆಯ ಹೊಗೆಯೂ ತಾಗದ ಮೂಲೆ ಉತ್ತಮ. ತಳಕ್ಕೆ ತೊಳೆದ ನಯವಾದ ಮರಳು, ಗಾಳಿಪಂಪಿಗೆ ಜೋಡಿಸಿದ ಸ್ಪಂಜಿನ ಫಿಲ್ಟರ್ ಇಷ್ಟು ಸಾಕು. ಮೊಟ್ಟೆಯಿಡಲು ಬೇಕಾದ ಗುಹೆಯನ್ನು ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಹೋಟೆಲಿನ ತೆಂಗಿನ ಕರಟವನ್ನು ಚೆನ್ನಾಗಿ ಕುದಿಸಿ, ಅಂಚಿನಲ್ಲಿ ಬಾಗಿಲು ಕೊರೆದು ಬೋರಲು ಹಾಕಿದರಾಯಿತು.

ತೊಟ್ಟಿ ತುಂಬಿದ ದಿನವೇ ಮೀನು ಬಿಡುವುದು ಆತುರದ ಕೆಲಸ. ಮೀನಿನ ಮಲದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ಕಳೆಯುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ಉಳಿದ ಅನ್ನ, ಇಡ್ಲಿಯ ಚೂರುಗಳನ್ನು ಎಂದಿಗೂ ಹಾಕಬಾರದು; ನೀರು ಕೆಡುವುದು.

ನೀರಿನ ವಿಷಯವೇ ಎಲ್ಲಕ್ಕೂ ಮುಖ್ಯವಾದುದು. ಎಪಿಸ್ಟೋಗ್ರಾಮಕ್ಕೆ ಮೆದುವಾದ, ಸ್ವಲ್ಪ ಹುಳಿಯ ಅಂಶವುಳ್ಳ ನೀರು ಬೇಕು. ಚೆನ್ನೈಯ ಕೊಳವೆಬಾವಿಯ ನೀರಾದರೋ ಬಹುಮಟ್ಟಿಗೆ ಗಡಸು. ಅದಕ್ಕೆ ಆರ್‌ಓ ಯಂತ್ರದ ನೀರನ್ನೋ, ಮೊದಲ ಮಳೆ ಕಳೆದ ಮೇಲೆ ಶುಭ್ರವಾದ ತೊಟ್ಟಿಯಲ್ಲಿ ನೇರವಾಗಿ ಹಿಡಿದ ಮಳೆನೀರನ್ನೋ ಬೆರೆಸತಕ್ಕದ್ದು. ಒಣಗಿ ಉದುರಿದ ಕಾಡುಬಾದಾಮಿಯ ಎಲೆ ಒಂದೆರಡನ್ನು ಹಾಕಿದರೆ ನೀರು ಚಹದ ಬಣ್ಣಕ್ಕೆ ತಿರುಗಿ ಮೀನುಗಳಿಗೆ ಹಿತವಾಗುತ್ತದೆ.

ಮತ್ತೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಈ ಮೀನಿನ ಮರಿ ಹೆಣ್ಣಾಗುವುದೋ ಗಂಡಾಗುವುದೋ ಎಂಬುದು ನೀರಿನ ಶಾಖವನ್ನು ಅವಲಂಬಿಸಿದೆಯೆಂದು ರೋಮರ್ ಮತ್ತು ಬೈಸೆನ್‌ಹರ್ಟ್ಸ್ ಎಂಬ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದರು. 23 ಡಿಗ್ರಿಯಲ್ಲಿ ಹೆಣ್ಣು ಹೆಚ್ಚು, 29ರಲ್ಲಿ ಗಂಡು ಹೆಚ್ಚು. ಆದುದರಿಂದ ಚೆನ್ನೈಯ ಬೇಸಗೆಯಲ್ಲಿ ಮರಿ ಮಾಡಿಸಿದವನಿಗೆ ಗಂಡುಗಳ ದಂಡೇ ದೊರೆತು ಮುಂದಿನ ಪೀಳಿಗೆಗೆ ಹೆಣ್ಣೇ ಸಿಗದೆ ಹೋಗಬಹುದು. ಹಿಂಗಾರು ಮಳೆ ಸುರಿದು ಸೆಕೆ ತಗ್ಗಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವೇ ಇದಕ್ಕೆ ಪ್ರಶಸ್ತ.

ಹೆಣ್ಣು ಹಳದಿ ಬಣ್ಣ ತಾಳಿ ಕರಟದ ಬಾಗಿಲಲ್ಲಿ ಕಾವಲು ನಿಂತರೆ ಒಳಗೆ ಮೊಟ್ಟೆಗಳಿವೆಯೆಂದು ತಿಳಿಯಬೇಕು. ಆಗ ಕರಟವನ್ನೆತ್ತಿ ನೋಡುವ ಕುತೂಹಲ ಬೇಡ. ಮರಿಗಳು ಈಜತೊಡಗಿದ ಮೇಲೆ, ಉಪ್ಪುನೀರಿನಲ್ಲಿ ಒಡೆಸಿದ ಆರ್ಟೀಮಿಯದ ಮರಿಗಳೇ ಅವುಗಳ ಆಹಾರ.

ಇಷ್ಟು ಶ್ರಮ ಆಗದವರಿಗೆ ನಮ್ಮದೇ ನೆಲದ ಆರೆಂಜ್ ಕ್ರೋಮೈಡ್ ಇದೆ. ದಕ್ಷಿಣ ಭಾರತ, ಸಿಂಹಳಗಳ ಹಿನ್ನೀರಿನ ಈ ಪುಟ್ಟ ಸಿಕ್ಲಿಡ್ ಗಡಸು ನೀರಿಗೆ ಅಂಜುವುದಿಲ್ಲ. ತಂದೆತಾಯಿಗಳಿಬ್ಬರೂ ಮರಿಗಳನ್ನು ಕಾಯುತ್ತವೆ. ಮರಿಗಳು ಅವುಗಳ ಮೈಯ ಲೋಳೆಯನ್ನೇ ತಿನ್ನುವ ನೋಟವು ಮನಮುಟ್ಟುವಂಥದು.

ಕೊನೆಯದಾಗಿ ಒಂದು ಮಾತು. ಹೆಚ್ಚಾದ ಮರಿಗಳನ್ನು ಸ್ನೇಹಿತರಿಗೋ ಅಂಗಡಿಗೋ ಕೊಡಬೇಕೇ ಹೊರತು ಕೆರೆಗೋ ಹೊಳೆಗೋ ಬಿಡಕೂಡದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಇದೇ ಕುಲದ ಮೀನು. ಅದು ನಮ್ಮ ಕೆರೆಗಳಲ್ಲೆಲ್ಲ ಹಬ್ಬಿ ನಾಡಮೀನುಗಳ ಪಾಲನ್ನು ಕಸಿದುಕೊಂಡಿತು. ನಮ್ಮ ವಿನೋದವು ಊರ ನೀರಿಗೆ ಹಾನಿಯಾಗದಿರಲಿ.