ಚಿಕ್ಕ ಕೋಣೆಗೆ ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ?

ಪ್ರಶ್ನೆ: ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಮಗಳ ಓದಿಗೂ ನನ್ನ ಲೆಕ್ಕಪತ್ರದ ಕೆಲಸಕ್ಕೂ ಕಂಪ್ಯೂಟರ್ ಬೇಕು. ಯಾವುದು ಒಳ್ಳೆಯದು?

ಉತ್ತರ: ಕೆಲಸ ಮುಗಿದ ಮೇಲೆ ಅದೇ ಮೇಜು ಊಟಕ್ಕೋ ಇಸ್ತ್ರಿಗೋ ಬೇಕಾಗುವ ಮನೆಯಾದರೆ ಲ್ಯಾಪ್‌ಟಾಪೇ ಸರಿ. ಮಡಚಿ ಕಪಾಟಿನಲ್ಲಿಡಬಹುದು, ಕರೆಂಟ್ ಹೋದರೆ ಬ್ಯಾಟರಿ ಕೈಹಿಡಿಯುತ್ತದೆ. ಡೆಸ್ಕ್‌ಟಾಪ್ ತಂದರೆ ಯುಪಿಎಸ್‌ಗೂ ಜಾಗ ಹುಡುಕಬೇಕು.

ಆದರೆ ಲ್ಯಾಪ್‌ಟಾಪಿನ ಪರದೆ, ಕೀಬೋರ್ಡ್ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಗಂಟೆಗಟ್ಟಲೆ ಬಗ್ಗಿ ನೋಡಿದರೆ ಕತ್ತು ಹಿಡಿದುಕೊಳ್ಳುತ್ತದೆ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಅದನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಬೋರ್ಡ್, ಮೌಸ್ ಜೋಡಿಸಿಕೊಳ್ಳಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ. ಅಡಿಯ ಗಾಳಿಕಿಂಡಿ ಮುಚ್ಚಿ ಯಂತ್ರ ಬಿಸಿಯಾಗುತ್ತದೆ, ವೇಗವೂ ಕುಗ್ಗುತ್ತದೆ.

ಒಂದು ಮೂಲೆಯನ್ನು ಕಾಯಂ ಆಗಿ ಬಿಟ್ಟುಕೊಡಬಹುದಾದರೆ ಮಿನಿ ಪಿಸಿ ನೋಡಿ. ಟಿಫಿನ್ ಡಬ್ಬಿಯಷ್ಟಿರುವ ಇದನ್ನು ಬ್ರಾಕೆಟ್ ಹಾಕಿ ಮಾನಿಟರ್‌ನ ಬೆನ್ನಿಗೇ ಕೂರಿಸಬಹುದು. ಅದಕ್ಕೆ ಮಾನಿಟರ್ ಹಿಂದೆ 75 ಅಥವಾ 100 ಮಿ.ಮೀ. ಅಂತರದ ನಾಲ್ಕು ತಿರುಪಿನ ತೂತುಗಳು (ಇವಕ್ಕೆ ವೆಸಾ ಎನ್ನುತ್ತಾರೆ) ಇರಬೇಕು. ಕೊಳ್ಳುವಾಗಲೇ ತಿರುಗಿಸಿ ನೋಡಿ. 24 ಇಂಚಿನ ಮಾನಿಟರ್ ಸುಮಾರು 54 ಸೆಂ.ಮೀ. ಅಗಲವಿರುತ್ತದೆ, ಮೂಲೆಯಲ್ಲಿ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಹಲವು ಮಿನಿ ಪಿಸಿಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬದಲಿಸಬಹುದು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಮಗಳು ಕಾಲೇಜಿಗೆ ಒಯ್ಯಬೇಕಿದ್ದರೆ ಲ್ಯಾಪ್‌ಟಾಪ್ ಕೊಳ್ಳಿ. ಮನೆಯಲ್ಲೇ ಇರುವುದಾದರೆ ಮಿನಿ ಪಿಸಿ ಸಾಕು. ಅಂಗಡಿಗೆ ಹೋಗುವ ಮುನ್ನ ಮೇಜಿನ ಉದ್ದಗಲ ಅಳೆದು ಬರೆದುಕೊಳ್ಳಿ.